ಕಡ್ಡಾಯ ಓವರ್‌ಟೈಮ್, ಮಕ್ಕಳ ಪಾಲನೆ ಮತ್ತು ಮಾಲೀಕರ ಹೊಣೆ

ನಮ್ಮ ಕೈಗಾರಿಕಾ ವಸಾಹತುಗಳಲ್ಲಿ ಸಂಜೆ ನಾಲ್ಕೂವರೆಯ ಹೊತ್ತಿಗೆ ನಡೆಯುವ ಒಂದು ಪ್ರಸಂಗ ಉದ್ಯಮಿ ಮಿತ್ರರೆಲ್ಲರಿಗೂ ಪರಿಚಿತವಾದುದೇ. ದೊಡ್ಡ ಗಿರಾಕಿಯ ಖರೀದಿ ವಿಭಾಗದಿಂದ ದೂರವಾಣಿ ಕರೆ ಬರುತ್ತದೆ. ವಾರಾಂತ್ಯಕ್ಕೆ ಕಳುಹಿಸಬೇಕಾಗಿದ್ದ ಮಾಲು ನಾಡಿದ್ದೇ ಬೇಕೆಂಬ ತಾಕೀತು ಆಗುತ್ತದೆ. ಮಾಲೀಕರು ಸೂಪರ್‌ವೈಸರನ್ನು ಕರೆದು ವಿಷಯ ತಿಳಿಸುತ್ತಾರೆ. ಅವರು ಯಂತ್ರಗಳ ನಡುವೆ ನಡೆದುಹೋಗಿ, ಇಂದು ಎಲ್ಲರೂ ಏಳು ಗಂಟೆಯವರೆಗೆ ಇರತಕ್ಕದ್ದು ಎಂದು ಸಾರುತ್ತಾರೆ. ಪೀಣ್ಯವಿರಲಿ, ಬೊಮ್ಮಸಂದ್ರವಿರಲಿ, ಹುಬ್ಬಳ್ಳಿಯ ಗೋಕುಲ ರಸ್ತೆಯಿರಲಿ, ಬೆಳಗಾವಿಯ ಉದ್ಯಮಬಾಗ್ ಇರಲಿ, ಈ ಪ್ರಸಂಗದಲ್ಲಿ ಹೆಚ್ಚಿನ ವ್ಯತ್ಯಾಸವೇನೂ ಇರಲಾರದು. ಹೆಚ್ಚಿನ ದುಡಿಮೆಗೆ ಇಮ್ಮಡಿ ವೇತನ ಕೊಡುತ್ತೇವೆ, ಅಲ್ಲಿಗೆ ನಮ್ಮ ಹೊಣೆ ತೀರಿತು ಎಂಬುದು ನಮ್ಮಲ್ಲಿ ಬಹುಮಂದಿಯ ಭಾವನೆ. ಅನೇಕ ವರ್ಷಗಳ ಕಾಲ ನನ್ನ ಭಾವನೆಯೂ ಇದೇ ಆಗಿತ್ತು.

ಆ ಘೋಷಣೆ ಆದ ಕ್ಷಣದಲ್ಲಿ ಷೆಡ್ಡಿನೊಳಗಿರುವ ಕೆಲವರ ಮನಸ್ಸು ಯಂತ್ರವನ್ನು ಬಿಟ್ಟು ಬೇರೆಲ್ಲಿಗೋ ಹೋಗಿರುತ್ತದೆ. ಐದೂವರೆಗೆ ಬಾಗಿಲು ಹಾಕುವ ಶಿಶುವಿಹಾರದಲ್ಲಿ ಒಂದು ಮಗು ಚೀಲ ಹಿಡಿದು ಕುಳಿತಿದೆ. ಶಾಲೆಯಿಂದ ಮರಳಿದ ಇನ್ನೊಂದು ಮಗು ಪಕ್ಕದ ಮನೆಯ ಜಗುಲಿಯ ಮೇಲಿದೆ. ಅವರನ್ನು ಕರೆತರುವವರು ಯಾರು ಎಂಬುದಕ್ಕೆ ಇಮ್ಮಡಿ ವೇತನದಲ್ಲಿ ಉತ್ತರವಿಲ್ಲ. ಈ ಪ್ರಶ್ನೆಯನ್ನು ನಾವು ಕಾರ್ಮಿಕರ ಮನೆಯ ಖಾಸಗಿ ವಿಷಯವೆಂದು ಬದಿಗಿಡುತ್ತ ಬಂದಿದ್ದೇವೆ. ಕಾನೂನು ಈಗ ಹಾಗೆ ಬದಿಗಿಡಲು ಅವಕಾಶ ಕೊಡುವುದಿಲ್ಲ. ವ್ಯಾಪಾರದ ದೃಷ್ಟಿಯಿಂದಲೂ ಅದು ನಷ್ಟದ ದಾರಿ. ಈ ಎರಡು ಮಾತುಗಳನ್ನು ಸದಸ್ಯರ ಮುಂದಿಡುವುದೇ ಈ ಲೇಖನದ ಉದ್ದೇಶ.

ನನ್ನದೇ ಘಟಕದ ಒಂದು ಪಾಠ

ಪರೋಪದೇಶಕ್ಕೆ ಮೊದಲು ನನ್ನ ತಪ್ಪನ್ನು ಹೇಳಿಕೊಳ್ಳುವುದು ನ್ಯಾಯ. ನನ್ನದು ಲೇತಿನಲ್ಲಿ ತಿರುಗಿಸಿದ ಬಿಡಿಭಾಗಗಳನ್ನು ತಯಾರಿಸುವ ಸಣ್ಣ ಘಟಕ. 2014ರ ಮಾರ್ಚ್ ತಿಂಗಳಲ್ಲಿ ನಮ್ಮಲ್ಲಿ 34 ಮಂದಿ ಕೆಲಸಗಾರರಿದ್ದರು. ಅವರಲ್ಲಿ 9 ಮಂದಿ ಮಹಿಳೆಯರು ಪರೀಕ್ಷೆ ಮತ್ತು ಪ್ಯಾಕಿಂಗ್ ವಿಭಾಗದಲ್ಲಿದ್ದರು. ಪಾಳಿ ಬೆಳಗ್ಗೆ ಎಂಟೂವರೆಯಿಂದ ಸಂಜೆ ಐದರವರೆಗೆ. ಆರ್ಥಿಕ ವರ್ಷದ ಕೊನೆಯೆಂದು ಗಿರಾಕಿಯೊಬ್ಬರು ಬೇಡಿಕೆಯನ್ನು ಹಠಾತ್ತನೆ ಹೆಚ್ಚಿಸಿದರು. ಹನ್ನೆರಡು ಕೆಲಸದ ದಿನಗಳವರೆಗೆ ಎಲ್ಲರೂ ಸಂಜೆ ಏಳರವರೆಗೆ ಇರತಕ್ಕದ್ದೆಂದು ಸೂಚನಾ ಫಲಕದಲ್ಲಿ ಚೀಟಿ ಅಂಟಿಸಿದೆ. ಏಳು ಗಂಟೆಯ ನಂತರ ಮಹಿಳೆಯರನ್ನು ಕಾರ್ಖಾನೆಯಲ್ಲಿ ಇರಿಸಿಕೊಳ್ಳುವಂತಿರಲಿಲ್ಲ. ಆ ಮಿತಿಯನ್ನು ಮೀರಲಿಲ್ಲ, ವೇತನವನ್ನು ಇಮ್ಮಡಿಯಾಗಿಯೇ ಕೊಟ್ಟೆ. ಆದಕಾರಣ ನನ್ನ ಕಡೆಯಿಂದ ಯಾವ ಲೋಪವೂ ಇಲ್ಲವೆಂದು ನಂಬಿದ್ದೆ.

ಪರೀಕ್ಷಾ ವಿಭಾಗದಲ್ಲಿ ಆರು ವರ್ಷಗಳಿಂದ ದುಡಿಯುತ್ತಿದ್ದ ಒಬ್ಬ ಹೆಣ್ಣುಮಗಳಿದ್ದರು. ಥ್ರೆಡ್ ಗೇಜು ಹಿಡಿದರೆ ಅವರ ಕಣ್ಣು ತಪ್ಪುತ್ತಿರಲಿಲ್ಲ. ಅವರ ನಾಲ್ಕು ವರ್ಷದ ಮಗು ಹತ್ತಿರದ ಶಿಶುವಿಹಾರದಲ್ಲಿತ್ತು. ಪತಿ ವಾಹನ ಚಾಲಕರು, ಮನೆಗೆ ಬರುವ ಹೊತ್ತು ನಿಶ್ಚಿತವಿರಲಿಲ್ಲ. ಮೊದಲ ಎರಡು ದಿನ ನೆರೆಯವರಿಗೆ ಹೇಳಿ ಹೇಗೋ ನಿಭಾಯಿಸಿದರು. ಮೂರನೆಯ ದಿನ ಐದು ಗಂಟೆಗೆ ಹೊರಟುಹೋದರು. ನಾನು ಕಾರಣ ಕೇಳಿ ನೋಟೀಸು ಕೊಟ್ಟೆ. ಅದರ ಕೆಳಗೆ ಅವರು ಎರಡೇ ಸಾಲಿನ ಉತ್ತರ ಬರೆದರು. ಬೆಳಗ್ಗೆ ಒಂದು ಗಂಟೆ ಮುಂಚಿತವಾಗಿ ಬರಲು ಸಿದ್ಧಳಿದ್ದೇನೆ, ಸಂಜೆ ಮಗುವನ್ನು ಕರೆತರಲು ಬೇರೆ ಯಾರೂ ಇಲ್ಲ ಎಂಬುದು ಅದರ ಸಾರಾಂಶ. ಅದನ್ನು ನಾನು ಅವಿಧೇಯತೆಯೆಂದು ಓದಿದೆನೇ ಹೊರತು, ಅದರಲ್ಲಿ ಒಂದು ಪರಿಹಾರವೂ ಅಡಗಿದೆಯೆಂದು ಓದಲಿಲ್ಲ. ತಿಂಗಳ ಕೊನೆಗೆ ಅವರು ಕೆಲಸ ಬಿಟ್ಟರು.

ಅವರ ಸ್ಥಾನಕ್ಕೆ ಬಂದ ಹೊಸಬರಿಗೆ ಕೈ ಕುದುರಲು ಕಾಲ ಬೇಕಾಯಿತು. ಎರಡು ತಿಂಗಳೊಳಗೆ ಒಂದು ಪೂರ್ಣ ಲಾಟು ಮರಳಿ ಬಂತು. ಸಾಗಣೆ, ಮರುಕೆಲಸ ಮತ್ತು ಗಿರಾಕಿಯ ಮುನಿಸು, ಮೂರನ್ನೂ ಲೆಕ್ಕ ಹಾಕಿದಾಗ ಆ ಹನ್ನೆರಡು ದಿನಗಳ ಓವರ್‌ಟೈಮ್ ಗಳಿಸಿಕೊಟ್ಟ ಲಾಭವೆಲ್ಲ ಅಲ್ಲಿಗೇ ತೀರಿತ್ತು.

ಅದೇ ತಿಂಗಳು ನಡೆದ ಇನ್ನೊಂದು ಸಂಗತಿ ನನಗೆ ತಿಳಿದುಬಂದದ್ದು ಬಹಳ ತಡವಾಗಿ. ಲೇತ್ ಆಪರೇಟರ್ ಒಬ್ಬರು, ಹೆಂಡತಿಗೆ ಸಂಜೆಯ ಪಾಳಿಯಿರುವುದರಿಂದ ಮಗಳ ಬಳಿ ಇರಲು ಐದಕ್ಕೆ ಬಿಡಬೇಕೆಂದು ಕೇಳಿದ್ದರಂತೆ. ಮಗು ನೋಡಿಕೊಳ್ಳುವುದು ಗಂಡಸಿನ ಕೆಲಸವೇ ಎಂದು ಸೂಪರ್‌ವೈಸರ್ ಎಲ್ಲರೆದುರು ನಗೆಯಾಡಿದರಂತೆ. ಆ ಆಪರೇಟರ್ ಅಂದು ಏಳರವರೆಗೆ ನಿಂತರು. ಮಾರನೆಯ ದಿನ ಜ್ವರವೆಂದು ಹೇಳಿ ಬರಲೇ ಇಲ್ಲ. ನಿಜ ಹೇಳಿದರೆ ನಡೆಯದ ಕಡೆ ಜನ ಸುಳ್ಳು ಹೇಳಿ ರಜೆ ಪಡೆಯುತ್ತಾರೆ. ನಮ್ಮ ಹಾಜರಿ ಪುಸ್ತಕಗಳಲ್ಲಿ ಕಾಣುವ ಜ್ವರಗಳಲ್ಲಿ ಎಷ್ಟು ಇಂಥವೆಂಬುದನ್ನು ನಾವೇ ಯೋಚಿಸಬೇಕು.

ಹೆಚ್ಚಿನ ದುಡಿಮೆಯ ಬಗೆಗೆ ಕಾನೂನು

1948ರ ಕಾರ್ಖಾನೆಗಳ ಅಧಿನಿಯಮವು ವಾರಕ್ಕೆ 48 ಗಂಟೆ, ದಿನಕ್ಕೆ 9 ಗಂಟೆ ಎಂಬ ಮಿತಿಯನ್ನು ಹಾಕಿತ್ತು. 59ನೆಯ ಪ್ರಕರಣದ ಮೇರೆಗೆ ಮಿತಿ ಮೀರಿದ ದುಡಿಮೆಗೆ ಇಮ್ಮಡಿ ವೇತನ ಸಲ್ಲಬೇಕಾಗಿತ್ತು. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಅಧಿನಿಯಮವೂ ವರ್ತಕರಿಗೆ ಇದೇ ಇಮ್ಮಡಿ ದರದ ಕಟ್ಟಳೆಯನ್ನು ವಿಧಿಸಿತು. ಈ ದರ ಕೇವಲ ಕಾಗದದ ಮೇಲಿನ ಮಾತಲ್ಲ. ಕೋವಿಡ್ ಕಾಲದಲ್ಲಿ ಗುಜರಾತ್ ಸರ್ಕಾರ ದಿನದ ದುಡಿಮೆಯನ್ನು 12 ಗಂಟೆಗೆ ಏರಿಸಿ, ಹೆಚ್ಚಿನ ಅವಧಿಗೆ ಸಾಮಾನ್ಯ ದರವೇ ಸಾಕೆಂದು ಅಧಿಸೂಚನೆ ಹೊರಡಿಸಿದಾಗ, ಸರ್ವೋಚ್ಚ ನ್ಯಾಯಾಲಯವು 2020ರ ಅಕ್ಟೋಬರ್ 1ರಂದು ಅದನ್ನು ರದ್ದುಪಡಿಸಿತು. ನಮ್ಮ ರಾಜ್ಯದಲ್ಲಿಯೂ ಅದೇ ವರ್ಷ ಮೇ ತಿಂಗಳಲ್ಲಿ ದಿನಕ್ಕೆ 10 ಗಂಟೆಯ ದುಡಿಮೆಗೆ ಅವಕಾಶ ನೀಡಿದ್ದ ಅಧಿಸೂಚನೆಯನ್ನು ಜೂನ್ ತಿಂಗಳಲ್ಲಿ ಹಿಂಪಡೆಯಲಾಯಿತು. ಅನಂತರ 2023ರಲ್ಲಿ ಕರ್ನಾಟಕವು ಕಾರ್ಖಾನೆಗಳ ಅಧಿನಿಯಮಕ್ಕೆ ತಿದ್ದುಪಡಿ ತಂದು, ವಾರಕ್ಕೆ 48 ಗಂಟೆಯ ಮಿತಿಯೊಳಗೆ ದಿನದ ಅವಧಿಯನ್ನು 12 ಗಂಟೆಯವರೆಗೆ ಹೊಂದಿಸಿಕೊಳ್ಳಲು ಮತ್ತು ಷರತ್ತುಗಳೊಂದಿಗೆ ಮಹಿಳೆಯರು ರಾತ್ರಿ ಪಾಳಿಯಲ್ಲಿ ದುಡಿಯಲು ದಾರಿ ಮಾಡಿತು.

2025ರ ನವೆಂಬರ್ 21ರಂದು ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಇವುಗಳ ಪೈಕಿ ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ಕಾರ್ಯಸ್ಥಿತಿಗಳ 2020ರ ಸಂಹಿತೆಯು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ್ದು. ದಿನಕ್ಕೆ 8 ಗಂಟೆಯ ದುಡಿಮೆ ಹಾಗೂ ಅದರಾಚೆಗಿನ ಅವಧಿಗೆ ಇಮ್ಮಡಿ ವೇತನ ಎಂಬುವನ್ನು ಅದು ಹೇಳುತ್ತದೆ. ಅದರ 27ನೆಯ ಪ್ರಕರಣದಲ್ಲಿ ಒಂದು ಪರಂತುಕವಿದೆ. ಕೆಲಸಗಾರನ ಸಮ್ಮತಿಯಿದ್ದಾಗ ಮಾತ್ರ ಮಾಲೀಕನು ಅವನಿಂದ ಓವರ್‌ಟೈಮ್ ಮಾಡಿಸಿಕೊಳ್ಳಬಹುದು ಎಂಬುದು ಅದರ ತಾತ್ಪರ್ಯ. ಬೆಳಗ್ಗೆ ಆರಕ್ಕೆ ಮೊದಲು ಮತ್ತು ಸಂಜೆ ಏಳರ ನಂತರ ಮಹಿಳೆಯರನ್ನು ದುಡಿಸಿಕೊಳ್ಳಲು 43ನೆಯ ಪ್ರಕರಣದ ಪ್ರಕಾರ ಅವರ ಸಮ್ಮತಿಯೂ ಸುರಕ್ಷತೆಯ ಏರ್ಪಾಡುಗಳೂ ಬೇಕು. ಮೂರು ತಿಂಗಳಿಗೆ ಒಟ್ಟು ಎಷ್ಟು ಗಂಟೆ ಓವರ್‌ಟೈಮ್ ಎಂಬುದನ್ನು ಸರ್ಕಾರವು ನಿಯಮಗಳ ಮೂಲಕ ಗೊತ್ತುಪಡಿಸುತ್ತದೆ. ಸದಸ್ಯರು ತಮಗೆ ಅನ್ವಯವಾಗುವ ಅಂಕಿಯನ್ನು ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆಯಿಂದ ಅಥವಾ ತಮ್ಮ ಸಲಹೆಗಾರರಿಂದ ಖಚಿತಪಡಿಸಿಕೊಳ್ಳುವುದು ಒಳಿತು.

ಸಾರಾಂಶವಿಷ್ಟೇ. 'ಕಡ್ಡಾಯ ಓವರ್‌ಟೈಮ್' ಎಂಬ ಮಾತನ್ನು ಸೂಚನಾ ಫಲಕದಿಂದ ತೆಗೆಯುವ ಕಾಲ ಬಂದಿದೆ. ನೇಮಕದ ದಿನವೇ ಎಲ್ಲರಿಂದಲೂ ಅಚ್ಚು ಹಾಕಿದ ಒಪ್ಪಿಗೆ ಪತ್ರಕ್ಕೆ ರುಜು ಪಡೆದು ಕಡತದಲ್ಲಿಟ್ಟರೆ ಸಾಕೆಂದು ಕೆಲವರು ಸಲಹೆ ನೀಡುತ್ತಿರುವುದುಂಟು. ನನ್ನ ಅಭಿಪ್ರಾಯದಲ್ಲಿ ಅದು ಅಪಾಯದ ಸಲಹೆ. ಒಲ್ಲೆನೆಂದರೆ ಕೆಲಸ ಹೋಗುವುದೆಂಬ ಭಯದಲ್ಲಿ ಹಾಕಿದ ರುಜುವನ್ನು ಸಮ್ಮತಿಯೆಂದು ಕರೆಯುವುದು ಕಷ್ಟ. ವಿವಾದ ಎದ್ದ ದಿನ ಅಂಥ ಕಾಗದ ನಮ್ಮ ನೆರವಿಗೆ ಬರುವುದೆಂಬ ಭರವಸೆಯೂ ಇಲ್ಲ.

ತಾರತಮ್ಯದ ಪ್ರಶ್ನೆ

ಮಕ್ಕಳ ಹೊಣೆ ಹೊತ್ತವರೆಂಬ ಕಾರಣಕ್ಕೆ ತಾರತಮ್ಯ ಮಾಡಬಾರದೆಂದು ಅದೇ ಮಾತುಗಳಲ್ಲಿ ಹೇಳುವ ಕಾನೂನು ನಮ್ಮ ದೇಶದಲ್ಲಿಲ್ಲ. ಕುಟುಂಬದ ಹೊಣೆಯುಳ್ಳ ಕೆಲಸಗಾರರನ್ನು ಕುರಿತ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1981ರ ಒಡಂಬಡಿಕೆಯನ್ನೂ ಭಾರತ ಅನುಮೋದಿಸಿಲ್ಲ. ಇದರಿಂದ ನಮಗೆ ಬಂಧನವೇ ಇಲ್ಲವೆಂದು ಭಾವಿಸಲಾಗದು. 1976ರ ಸಮಾನ ವೇತನ ಅಧಿನಿಯಮದಲ್ಲಿದ್ದ ತತ್ವ ಈಗ 2019ರ ವೇತನ ಸಂಹಿತೆಯ 3ನೆಯ ಪ್ರಕರಣದಲ್ಲಿ ಬಂದಿದೆ. ವೇತನದಲ್ಲಿ ಮಾತ್ರವಲ್ಲದೆ, ಒಂದೇ ಬಗೆಯ ಕೆಲಸಕ್ಕೆ ನೇಮಕ ಮಾಡಿಕೊಳ್ಳುವಾಗಲೂ ಹೆಣ್ಣು ಗಂಡೆಂಬ ಭೇದ ಮಾಡುವಂತಿಲ್ಲ.

ಹೆರಿಗೆಯ ವಿಷಯದಲ್ಲಿ ಕಾನೂನು ಇನ್ನೂ ಸ್ಪಷ್ಟ. 1961ರ ಹೆರಿಗೆ ಸೌಲಭ್ಯ ಅಧಿನಿಯಮಕ್ಕೆ 2017ರಲ್ಲಿ ಆದ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ 26 ವಾರಗಳ ವೇತನಸಹಿತ ರಜೆ ದೊರೆಯಿತು. ಮಗುವಿಗೆ 15 ತಿಂಗಳಾಗುವವರೆಗೆ ಹಾಲೂಡಿಸಲು ದಿನಕ್ಕೆ ಎರಡು ಬಿಡುವು ಕೊಡಬೇಕು. 50 ಅಥವಾ ಹೆಚ್ಚು ನೌಕರರಿರುವಲ್ಲಿ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿಗೆ ದಿನಕ್ಕೆ ನಾಲ್ಕು ಬಾರಿ ಅಲ್ಲಿಗೆ ಹೋಗಿಬರಲು ಬಿಡಬೇಕು. ಹೆರಿಗೆ ರಜೆಯಲ್ಲಿರುವವರನ್ನು ಕೆಲಸದಿಂದ ತೆಗೆಯುವುದು ಅಪರಾಧ. ಇವೆಲ್ಲ ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಸೇರಿವೆ. ದಿನಗೂಲಿಯವರಿಗೆ ಇದು ಅನ್ವಯಿಸದೆಂಬ ವಾದವನ್ನು ಸರ್ವೋಚ್ಚ ನ್ಯಾಯಾಲಯವು ದೆಹಲಿ ನಗರಪಾಲಿಕೆಯ ಮಸ್ಟರ್ ರೋಲ್ ಮಹಿಳೆಯರ ಪ್ರಕರಣದಲ್ಲಿ 2000ದಲ್ಲಿಯೇ ತಳ್ಳಿಹಾಕಿತು.

ನಮ್ಮ ಉದ್ಯಮಿಗಳು ಗಮನಿಸಬೇಕಾದ ಇನ್ನೊಂದು ತೀರ್ಪು 2021ರ ಮಾರ್ಚ್ 25ರದು. ಸೇನೆಯಲ್ಲಿ ಮಹಿಳಾ ಅಧಿಕಾರಿಗಳಿಗೆ ಶಾಶ್ವತ ಆಯೋಗ ನೀಡುವ ಕುರಿತ ಲೆಫ್ಟಿನೆಂಟ್ ಕರ್ನಲ್ ನಿತಿಶಾ ಅವರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 'ಪರೋಕ್ಷ ತಾರತಮ್ಯ'ದ ತತ್ವವನ್ನು ಎತ್ತಿಹಿಡಿಯಿತು. ನಿಯಮವೊಂದು ಮೇಲ್ನೋಟಕ್ಕೆ ಎಲ್ಲರಿಗೂ ಸಮಾನವಾಗಿ ಕಂಡರೂ, ಅದರ ಪೆಟ್ಟು ಒಂದು ವರ್ಗದ ಮೇಲೆ ವಿಶೇಷವಾಗಿ ಬೀಳುವುದಾದರೆ ಅದೂ ತಾರತಮ್ಯವೇ. ನಿಯಮ ಮಾಡಿದವನ ಉದ್ದೇಶ ಕೆಟ್ಟದ್ದಾಗಿರಬೇಕಾಗಿಲ್ಲ. ಈ ತೀರ್ಪಿನಲ್ಲಿ ನ್ಯಾಯಾಲಯವು ಕೆನಡಾದ ಸರ್ವೋಚ್ಚ ನ್ಯಾಯಾಲಯದ 2020ರ ಫ್ರೇಸರ್ ತೀರ್ಪನ್ನು ಆಧರಿಸಿತು. ಅಲ್ಲಿನ ಪೊಲೀಸ್ ಪಡೆಯ ಮಹಿಳೆಯರು ಮಕ್ಕಳ ಪಾಲನೆಗಾಗಿ ಕೆಲಸದ ಅವಧಿಯನ್ನು ಹಂಚಿಕೊಂಡು ದುಡಿದುದರಿಂದ ಪಿಂಚಣಿಯಲ್ಲಿ ನಷ್ಟ ಅನುಭವಿಸಿದ್ದರು. ಅದು ತಾರತಮ್ಯವೆಂದು ಅಲ್ಲಿ ತೀರ್ಮಾನವಾಯಿತು.

ಸಂವಿಧಾನದ 14 ಮತ್ತು 15ನೆಯ ಅನುಚ್ಛೇದಗಳು ಮುಖ್ಯವಾಗಿ ಸರ್ಕಾರವನ್ನು ಕಟ್ಟಿಹಾಕುವಂಥವು. ಖಾಸಗಿ ಮಾಲೀಕನನ್ನು ಕಟ್ಟಿಹಾಕುವುದು ಶಾಸನಗಳು. ಆದ್ದರಿಂದ ನಿತಿಶಾ ತೀರ್ಪು ನಾಳೆಯೇ ನಮ್ಮ ಷೆಡ್ಡಿನ ಬಾಗಿಲಿಗೆ ಬರುವುದೆಂದು ನಾನು ಹೆದರಿಸುತ್ತಿಲ್ಲ. ಆದರೆ ಶಾಸನಗಳನ್ನು ಅರ್ಥೈಸುವ ನ್ಯಾಯಾಲಯಗಳು ಯಾವ ದಿಕ್ಕಿನಲ್ಲಿ ಯೋಚಿಸುತ್ತಿವೆಯೆಂಬುದು ಸ್ಪಷ್ಟವಾಗಿದೆ. ಸಂಜೆ ಇರಲಾರದವರಿಗೆ ಬಡ್ತಿಯಿಲ್ಲ ಎಂಬ ನಿಯಮ ಎಲ್ಲರಿಗೂ ಒಂದೇ ಎಂದು ನಾವು ವಾದಿಸಬಹುದು. ಅದರಿಂದ ಬಡ್ತಿ ತಪ್ಪಿದವರ ಪಟ್ಟಿಯನ್ನು ನೋಡಿದರೆ ಅಲ್ಲಿ ಹೆಚ್ಚಾಗಿ ತಾಯಂದಿರೇ ಕಾಣುತ್ತಾರೆ.

ಸಂದರ್ಶನದಲ್ಲಿ ಕೇಳುವ ಪ್ರಶ್ನೆಗಳೂ ಇದಕ್ಕೆ ಸೇರಿದುವೇ. ಮಕ್ಕಳೆಷ್ಟು, ಚಿಕ್ಕವೇ, ಯಾರು ನೋಡಿಕೊಳ್ಳುತ್ತಾರೆ ಎಂದು ಹೆಣ್ಣುಮಕ್ಕಳನ್ನು ಮಾತ್ರ ಕೇಳುವ ಅಭ್ಯಾಸ ನಮ್ಮಲ್ಲಿದೆ. ಜೀವವಿಮಾ ನಿಗಮದ ಅರ್ಜಿ ನಮೂನೆಯಲ್ಲಿ ಮಹಿಳೆಯರಿಗೆ ಗರ್ಭಧಾರಣೆ ಮೊದಲಾದ ಖಾಸಗಿ ವಿವರಗಳನ್ನು ಕೇಳಿದ್ದುದನ್ನು ಸರ್ವೋಚ್ಚ ನ್ಯಾಯಾಲಯವು ನೀರಾ ಮಾಥೂರ್ ಪ್ರಕರಣದಲ್ಲಿ 1991ರಲ್ಲಿ ಆಕ್ಷೇಪಿಸಿ, ಆ ಅಂಕಣಗಳನ್ನು ತೆಗೆಯಲು ಸೂಚಿಸಿತು. ಅಮೆರಿಕೆಯಲ್ಲಿಯೂ ಚಿಕ್ಕ ಮಕ್ಕಳಿರುವ ತಾಯಂದಿರ ಅರ್ಜಿಯನ್ನು ನಿರಾಕರಿಸಿ, ಚಿಕ್ಕ ಮಕ್ಕಳಿರುವ ತಂದೆಯರನ್ನು ನೇಮಿಸಿಕೊಳ್ಳುತ್ತಿದ್ದ ಒಂದು ಕಂಪನಿಯ ಪದ್ಧತಿಯನ್ನು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 1971ರಲ್ಲಿ ಒಪ್ಪಲಿಲ್ಲ. ತಾಯಿಗೊಂದು ಅಳತೆ, ತಂದೆಗೊಂದು ಅಳತೆ ಸಲ್ಲದು ಎಂಬುದೇ ಅದರ ತಿರುಳು.

ಮಾಲೀಕರ ಆಕ್ಷೇಪಗಳು

ಈ ಮಾತುಗಳಿಗೆ ಮಿತ್ರರು ಎತ್ತುವ ಆಕ್ಷೇಪಗಳನ್ನು ನಾನು ಬಲ್ಲೆ, ನಾನೇ ಅವನ್ನು ಎತ್ತಿದವನು. ಗಿರಾಕಿಯ ವೇಳಾಪಟ್ಟಿ ನಮ್ಮ ಕೈಯಲ್ಲಿಲ್ಲ. ವಿದ್ಯುತ್ ಹೋದ ಗಂಟೆಗಳನ್ನು ಯಾವಾಗಲಾದರೂ ತುಂಬಲೇಬೇಕು. ತಡವಾದರೆ ದಂಡ ಬೀಳುತ್ತದೆ, ಮುಂದಿನ ಆರ್ಡರು ಬೇರೆಯವರಿಗೆ ಹೋಗುತ್ತದೆ. ಹೊತ್ತಿಗೆ ಹಣ ಬಾರದ ಸಣ್ಣ ಘಟಕಕ್ಕೆ ಹೆಚ್ಚು ಜನರನ್ನು ಇಟ್ಟುಕೊಳ್ಳುವ ಶಕ್ತಿಯೂ ಇರುವುದಿಲ್ಲ. ಇವು ಸುಳ್ಳು ನೆಪಗಳಲ್ಲ.

ಆದರೂ ಒಂದು ಸಣ್ಣ ಲೆಕ್ಕವನ್ನು ನೋಡೋಣ. ದಿನಕ್ಕೆ 640 ರೂಪಾಯಿ ವೇತನದ ಕೆಲಸಗಾರನಿಗೆ ಗಂಟೆಗೆ 80 ರೂಪಾಯಿ, ಓವರ್‌ಟೈಮ್‌ಗೆ 160 ರೂಪಾಯಿ. ಹತ್ತು ಮಂದಿ ಎರಡು ಗಂಟೆಯಂತೆ ಹನ್ನೆರಡು ದಿನ ನಿಂತರೆ ಒಟ್ಟು 240 ಗಂಟೆ, ವೆಚ್ಚ 38,400 ರೂಪಾಯಿ. ಅದೇ ಗಂಟೆಗಳು ಸಾಮಾನ್ಯ ದರದಲ್ಲಿ 19,200 ರೂಪಾಯಿಗೆ ದೊರೆಯುತ್ತಿದ್ದವು. ಒಬ್ಬ ಕೆಲಸಗಾರ ತಿಂಗಳಿಗೆ 26 ದಿನ ದುಡಿದರೆ 208 ಗಂಟೆ. ಅಂದರೆ ನಾವು ಹತ್ತು ಮನೆಗಳ ಸಂಜೆಯಿಂದ ಎತ್ತಿಕೊಂಡ ಹೊತ್ತು ಒಬ್ಬ ಪೂರ್ಣಾವಧಿ ಕೆಲಸಗಾರನ ತಿಂಗಳ ದುಡಿಮೆಗಿಂತ ಹೆಚ್ಚು. ವರ್ಷಕ್ಕೊಮ್ಮೆ ಹೀಗಾದರೆ ಅದು ತುರ್ತು ಎನ್ನೋಣ. ಪ್ರತಿ ತಿಂಗಳ ಕೊನೆಯ ಹತ್ತು ದಿನವೂ ಹೀಗೆಯೇ ಆಗುವುದಾದರೆ ಅದು ತುರ್ತಲ್ಲ, ಜನ ಕಡಿಮೆಯಿರುವ ಲಕ್ಷಣ. ಆ ಕೊರತೆಯನ್ನು ಇಮ್ಮಡಿ ಬೆಲೆ ಕೊಟ್ಟು ಮುಚ್ಚುವುದಕ್ಕಿಂತ ಒಬ್ಬರನ್ನು ನಿಶ್ಚಿತಾವಧಿಗೆ ನೇಮಿಸಿಕೊಳ್ಳುವುದು ಮೇಲು. ಕೈಗಾರಿಕಾ ಸಂಬಂಧಗಳ ಸಂಹಿತೆಯು ಅದಕ್ಕೆ ಅವಕಾಶ ಕೊಟ್ಟಿದೆ.

ಇಷ್ಟೆಲ್ಲ ತೊಡಕಿದ್ದರೆ ಚಿಕ್ಕ ಮಕ್ಕಳಿರುವ ಹೆಂಗಸರನ್ನು ಸೇರಿಸಿಕೊಳ್ಳುವುದೇ ಬೇಡ ಎಂಬುದು ಇನ್ನೊಂದು ವಾದ. ಇದನ್ನು ಬಹಿರಂಗವಾಗಿ ಯಾರೂ ಹೇಳುವುದಿಲ್ಲ, ಚಹಾ ಕುಡಿಯುವಾಗ ಹೇಳುತ್ತಾರೆ. ಕಾನೂನಿನ ಮಾತನ್ನು ಮೇಲೆಯೇ ಹೇಳಿದ್ದೇನೆ. ವ್ಯಾಪಾರದ ಮಾತು ಹೇಳುವುದಾದರೆ, ಪರೀಕ್ಷೆ, ಜೋಡಣೆ, ಹೊಲಿಗೆ, ಪ್ಯಾಕಿಂಗ್ ಮುಂತಾದ ಕೆಲಸಗಳು ಇಂದು ನಡೆಯುತ್ತಿರುವುದೇ ಹೆಚ್ಚಾಗಿ ಮಹಿಳೆಯರ ಕೈಯಿಂದ. ಬೆಂಗಳೂರಿನ ಸಿದ್ಧ ಉಡುಪು ಉದ್ಯಮದಲ್ಲಿ ದುಡಿಯುವವರಲ್ಲಿ ಬಹುಪಾಲು ಅವರೇ. ನುರಿತವರು ದೊರೆಯುವುದಿಲ್ಲವೆಂದು ಪ್ರತಿ ಸಭೆಯಲ್ಲಿಯೂ ಗೋಳಾಡುವ ನಾವು, ನುರಿತವರಾಗುವ ವಯಸ್ಸಿನಲ್ಲಿಯೇ ಅವರನ್ನು ಬಾಗಿಲಿನಿಂದ ಹಿಂದೆ ಕಳುಹಿಸುವುದು ವಿವೇಕವಲ್ಲ.

ಮೂರನೆಯ ಆಕ್ಷೇಪ ಕೆಲಸಗಾರರಿಂದಲೇ ಬರುವಂಥದು, ಅದು ನ್ಯಾಯವಾದದ್ದು. ಮಕ್ಕಳಿರುವವರನ್ನು ಐದಕ್ಕೆ ಬಿಟ್ಟರೆ ಅವರ ಪಾಲಿನ ಹೊರೆ ಅವಿವಾಹಿತರ ಮತ್ತು ಮಕ್ಕಳಿಲ್ಲದವರ ತಲೆಗೆ ಬೀಳುವುದಿಲ್ಲವೇ? ಅವರಿಗೂ ವೃದ್ಧ ತಂದೆತಾಯಿ ಇರಬಹುದು, ಸಂಜೆ ಕಾಲೇಜು ಇರಬಹುದು, ಅಥವಾ ಏನೂ ಇಲ್ಲದೆ ಮನೆಗೆ ಹೋಗಬೇಕೆಂಬ ಇಚ್ಛೆಯಷ್ಟೇ ಇರಬಹುದು. ಆದಕಾರಣ ತಾಯಂದಿರಿಗೆಂದು ಪ್ರತ್ಯೇಕ ರಿಯಾಯಿತಿ ಘೋಷಿಸುವುದು ಸರಿಯಾದ ದಾರಿಯಲ್ಲ. ಹಾಗೆ ಮಾಡಿದರೆ ಸಹೋದ್ಯೋಗಿಗಳಲ್ಲಿ ಅಸಮಾಧಾನ ಹುಟ್ಟುತ್ತದೆ, ಮುಂದಿನ ನೇಮಕದಲ್ಲಿ ಅದೇ ರಿಯಾಯಿತಿ ತಾಯಂದಿರಿಗೆ ಮುಳುವಾಗುತ್ತದೆ, ಮತ್ತು ಮಗುವನ್ನು ನೋಡಿಕೊಳ್ಳಬಯಸುವ ತಂದೆಗೆ ಜಾಗವೇ ಇಲ್ಲದಂತಾಗುತ್ತದೆ. ಕೇಂದ್ರ ಸರ್ಕಾರದ ಪುರುಷ ನೌಕರರಿಗೆ 15 ದಿನಗಳ ಪಿತೃತ್ವ ರಜೆಯುಂಟು, ಖಾಸಗಿ ಉದ್ಯಮದ ತಂದೆಗೆ ಕಾನೂನು ಅಷ್ಟನ್ನೂ ಕೊಟ್ಟಿಲ್ಲ. ನಿಯಮವು ಎಲ್ಲರಿಗೂ ಒಂದೇ ಇರಲಿ. ಮುಂಚಿತವಾಗಿ ತಿಳಿಸುವುದು ಮತ್ತು ಒಲ್ಲೆನೆನ್ನುವ ಸ್ವಾತಂತ್ರ್ಯ, ಈ ಎರಡೂ ಎಲ್ಲರಿಗೂ ದೊರೆಯಲಿ.

ಆಚರಣೆಗೆ ತರಬಹುದಾದ ಕ್ರಮಗಳು

2014ರ ಅನುಭವದ ನಂತರ ನಮ್ಮ ಘಟಕದಲ್ಲಿ ಹಂತಹಂತವಾಗಿ ತಂದ ಬದಲಾವಣೆಗಳನ್ನು ಇತರರ ಉಪಯೋಗಕ್ಕಾಗಿ ತಿಳಿಸುತ್ತೇನೆ. ಇವುಗಳಿಗೆ ಬಂಡವಾಳದ ಅಗತ್ಯ ಅಷ್ಟಾಗಿ ಇಲ್ಲ.

ಮೊದಲನೆಯದಾಗಿ, ತಿಂಗಳ ಆರಂಭದಲ್ಲಿಯೇ ಓವರ್‌ಟೈಮ್ ಬರಬಹುದಾದ ದಿನಗಳನ್ನು ಸೂಚನಾ ಫಲಕದಲ್ಲಿ ಹಾಕುತ್ತೇವೆ. ಆ ದಿನಗಳಲ್ಲಿ ಯಾರು ಸಿದ್ಧರಿದ್ದಾರೆಂದು ತಾವೇ ಹೆಸರು ಬರೆಯುತ್ತಾರೆ. ಇಮ್ಮಡಿ ವೇತನ ಬೇಕೆನ್ನುವವರು ಯಾವಾಗಲೂ ಇರುತ್ತಾರೆ. ಕಡ್ಡಾಯ ಮಾಡುವ ಪ್ರಮೇಯ ನಾವು ಭಾವಿಸಿದಷ್ಟು ಒದಗುವುದಿಲ್ಲ.

ಎರಡನೆಯದಾಗಿ, ಹಠಾತ್ತನೆ ಕೆಲಸ ಬಂದರೆ ಅದನ್ನು ಆ ದಿನದ ಮಧ್ಯಾಹ್ನದ ಊಟಕ್ಕೆ ಮೊದಲೇ ತಿಳಿಸಬೇಕು. ಊಟದ ನಂತರ ಬಂದ ಬೇಡಿಕೆಯನ್ನು ಮಾರನೆಯ ದಿನಕ್ಕೆ ಹಾಕುತ್ತೇವೆ, ಇಲ್ಲವೆ ಇಚ್ಛೆಯುಳ್ಳವರಿಂದ ಮಾತ್ರ ಪೂರೈಸುತ್ತೇವೆ.

ಮೂರನೆಯದಾಗಿ, ಹೆಚ್ಚಿನ ದುಡಿಮೆ ಸಂಜೆಯೇ ಆಗಬೇಕೆಂಬ ಹಟವನ್ನು ಬಿಟ್ಟಿದ್ದೇವೆ. ಬೆಳಗ್ಗೆ ಒಂದು ಗಂಟೆ ಮುಂಚಿತವಾಗಿ ಬರುವ ಆಯ್ಕೆ ಈಗ ಎಲ್ಲರಿಗೂ ಉಂಟು. ಆ ಹೆಣ್ಣುಮಗಳು ನೋಟೀಸಿನ ಕೆಳಗೆ ಬರೆದುಕೊಟ್ಟಿದ್ದು ಇದನ್ನೇ.

ನಾಲ್ಕನೆಯದಾಗಿ, ಪ್ರತಿಯೊಂದು ವಿಭಾಗದಲ್ಲಿಯೂ ಒಬ್ಬರ ಕೆಲಸವನ್ನು ಇನ್ನೊಬ್ಬರು ಕಲಿತಿರುವಂತೆ ತರಬೇತಿ ನೀಡುತ್ತೇವೆ. ಒಬ್ಬ ಪರೀಕ್ಷಕಿ ಹೊರಟರೆ ಡಿಸ್ಪ್ಯಾಚ್ ನಿಲ್ಲುವ ಸ್ಥಿತಿಯೇ ನಮ್ಮ ಒತ್ತಾಯಕ್ಕೆ ಮೂಲವಾಗಿತ್ತು.

ಐದನೆಯದಾಗಿ, ಯಾರು ಸಮ್ಮತಿಸಿದರು, ಯಾರು ಇಲ್ಲವೆಂದರು, ಎಷ್ಟು ಗಂಟೆ, ಎಷ್ಟು ಹಣ ಎಂಬುದಕ್ಕೆ ಒಂದು ಪುಸ್ತಕವಿದೆ. ಇಲ್ಲವೆಂದವರ ಹೆಸರು ಬಡ್ತಿ ಅಥವಾ ಬೋನಸ್ಸಿನ ಕಡತಕ್ಕೆ ಹೋಗಬಾರದೆಂಬುದು ಕಟ್ಟುನಿಟ್ಟಿನ ಸೂಚನೆ. ಮಗುವಿನ ಕಾರಣ ಹೇಳಿದವರನ್ನು, ಗಂಡಾಗಲಿ ಹೆಣ್ಣಾಗಲಿ, ಯಾರೂ ನಗೆಯಾಡಬಾರದೆಂದು ಸೂಪರ್‌ವೈಸರುಗಳಿಗೆ ತಿಳಿಸಿದ್ದೇವೆ.

ಇದರಿಂದ ಎಲ್ಲ ತೊಂದರೆಗಳೂ ನೀಗಿದವೆಂದು ಹೇಳಲಾರೆ. ಎರಡು ಬಾರಿ ಮಾಲು ಒಂದು ದಿನ ತಡವಾಗಿ ಹೋಯಿತು. ಒಬ್ಬ ಗಿರಾಕಿ ದಂಡ ಹಿಡಿದುಕೊಂಡರು. ಆದರೆ ಪರೀಕ್ಷಾ ವಿಭಾಗದಲ್ಲಿ ಅಂದಿನಿಂದ ನಾವು ಯಾರನ್ನೂ ಆ ಬಗೆಯಲ್ಲಿ ಕಳೆದುಕೊಂಡಿಲ್ಲ.

ನಮ್ಮ ಸಂಸ್ಥೆ ಮಾಡಬೇಕಾದುದು

ಬಿಡಿ ಬಿಡಿಯಾಗಿ ಸಣ್ಣ ಘಟಕಗಳು ಮಾಡಲಾಗದ ಕೆಲಸಗಳೂ ಇವೆ. ಶಿಶುಪಾಲನಾ ಕೇಂದ್ರ ಅವುಗಳಲ್ಲಿ ಮುಖ್ಯವಾದುದು. 20 ಅಥವಾ 30 ಜನರ ಘಟಕಕ್ಕೆ ಕಾನೂನಿನ ಕಡ್ಡಾಯವಿಲ್ಲ, ಒಂಟಿಯಾಗಿ ನಡೆಸುವ ಶಕ್ತಿಯೂ ಇಲ್ಲ. ಹಲವು ಸಂಸ್ಥೆಗಳು ತಮ್ಮ ಸಂಪನ್ಮೂಲಗಳನ್ನು ಒಟ್ಟುಗೂಡಿಸಿ ಸಾಮಾನ್ಯ ಕೇಂದ್ರವನ್ನು ನಡೆಸುವುದಕ್ಕೆ ಸಾಮಾಜಿಕ ಭದ್ರತಾ ಸಂಹಿತೆಯೇ ಅವಕಾಶ ನೀಡಿದೆ. ಗ್ರಾಮ ಪಂಚಾಯಿತಿಗಳಲ್ಲಿ ಉದ್ಯೋಗ ಖಾತರಿಯ ಕೂಲಿಕಾರರ ಮಕ್ಕಳಿಗಾಗಿ ರಾಜ್ಯ ಸರ್ಕಾರವು 2023ರಲ್ಲಿ 'ಕೂಸಿನ ಮನೆ' ಯೋಜನೆಯನ್ನು ಪ್ರಕಟಿಸಿತು. ಅದೇ ಬಗೆಯ ವ್ಯವಸ್ಥೆಯನ್ನು ಪ್ರತಿ ಕೈಗಾರಿಕಾ ವಸಾಹತಿನಲ್ಲಿ, ಸಂಜೆ ಏಳೂವರೆಯವರೆಗೆ ತೆರೆದಿರುವಂತೆ, ಸರ್ಕಾರದ ಸಹಭಾಗಿತ್ವದಲ್ಲಿ ಆರಂಭಿಸಲು ನಮ್ಮ ಸಂಸ್ಥೆ ಮುಂದಾಗಬೇಕು. ನಿವೇಶನ ಸರ್ಕಾರದಿಂದ ಬರಲಿ, ನಿರ್ವಹಣೆಯ ವೆಚ್ಚವನ್ನು ಘಟಕಗಳು ಕೆಲಸಗಾರರ ಸಂಖ್ಯೆಗೆ ತಕ್ಕಂತೆ ಹಂಚಿಕೊಳ್ಳಲಿ.

ಎರಡನೆಯ ಕಾರ್ಯ ದೊಡ್ಡ ಗಿರಾಕಿಗಳೊಡನೆ ಮಾತುಕತೆ. ಕಿರು, ಸಣ್ಣ ಮತ್ತು ಮಧ್ಯಮ ಉದ್ಯಮಗಳ 2006ರ ಅಧಿನಿಯಮದ ಮೇರೆಗೆ ಸಣ್ಣ ಘಟಕಗಳಿಗೆ ಹಣ ಪಾವತಿಸಲು ಖರೀದಿದಾರರಿಗೆ ಒಪ್ಪಂದದ ಮೂಲಕ 45 ದಿನಗಳವರೆಗೆ ಕಾಲಾವಕಾಶವಿದೆ. ಅದೇ ಖರೀದಿದಾರರು ವೇಳಾಪಟ್ಟಿ ಬದಲಿಸುವಾಗ ನಮಗೆ 45 ಗಂಟೆಗಳನ್ನೂ ಕೊಡುವುದಿಲ್ಲ. ಇಂತಿಷ್ಟು ದಿನಗಳೊಳಗಿನ ಬದಲಾವಣೆಗೆ ಇಮ್ಮಡಿ ವೇತನದ ವೆಚ್ಚವನ್ನು ಖರೀದಿದಾರರೇ ಭರಿಸತಕ್ಕದ್ದೆಂಬ ಷರತ್ತನ್ನು ಖರೀದಿ ಆದೇಶಗಳಲ್ಲಿ ಸೇರಿಸಲು ಸಂಸ್ಥೆಯು ಒತ್ತಾಯಿಸಬೇಕು. ಒಂಟಿ ಘಟಕ ಕೇಳಿದರೆ ಆರ್ಡರು ಕೈತಪ್ಪಬಹುದು, ಎಲ್ಲರೂ ಒಟ್ಟಾಗಿ ಕೇಳಿದರೆ ಆ ಭಯ ಕಡಿಮೆ.

ಮೂರನೆಯದಾಗಿ, ಸಮ್ಮತಿ ಪುಸ್ತಕದ ಮಾದರಿ ಮತ್ತು ಸಂದರ್ಶನದಲ್ಲಿ ಕೇಳಬಾರದ ಪ್ರಶ್ನೆಗಳ ಪಟ್ಟಿಯನ್ನು ಕನ್ನಡದಲ್ಲಿ ಸಿದ್ಧಪಡಿಸಿ ಸದಸ್ಯರಿಗೆ ಹಂಚಬೇಕು. ಬಹುತೇಕ ಸಣ್ಣ ಮಾಲೀಕರು ಕಾನೂನನ್ನು ಮುರಿಯುವುದು ದುರುದ್ದೇಶದಿಂದಲ್ಲ, ಅದನ್ನು ಓದಿ ಹೇಳುವವರು ಇಲ್ಲದ್ದರಿಂದ.

ಕೊನೆಯದಾಗಿ ಒಂದು ಮಾತು. ನಮ್ಮಲ್ಲಿ ಅನೇಕರ ಉದ್ಯಮಗಳು ಬೆಳೆದದ್ದು ನಾವು ರಾತ್ರಿ ಹಗಲು ಷೆಡ್ಡಿನಲ್ಲಿದ್ದುದರಿಂದ. ನಾವು ಹಾಗಿರಲು ಸಾಧ್ಯವಾದದ್ದು ಮನೆಯಲ್ಲಿ ನಮ್ಮ ಮಕ್ಕಳನ್ನು ನೋಡಿಕೊಳ್ಳಲು ಮತ್ತೊಬ್ಬರಿದ್ದುದರಿಂದ. ನಮ್ಮಲ್ಲಿ ದುಡಿಯುವ ಎಲ್ಲರಿಗೂ ಆ ಅನುಕೂಲವಿಲ್ಲ. ಮುಂದಿನ ಬಾರಿ ಸಂಜೆ ನಾಲ್ಕೂವರೆಗೆ ದೂರವಾಣಿ ಕರೆ ಬಂದಾಗ, ಸೂಪರ್‌ವೈಸರನ್ನು ಕರೆಯುವುದಕ್ಕೆ ಮೊದಲು ಗಿರಾಕಿಯನ್ನು ಒಂದು ಪ್ರಶ್ನೆ ಕೇಳುವ ಅಭ್ಯಾಸ ಮಾಡಿಕೊಳ್ಳೋಣ: ಈ ಮಾಲು ನಿಜವಾಗಿಯೂ ನಾಡಿದ್ದೇ ಬೇಕೇ? ನನ್ನ ಅನುಭವದಲ್ಲಿ, ಇದನ್ನು ಕೇಳಿದ ಹಲವು ಸಲ ಎರಡು ದಿನಗಳ ಅವಧಿ ದೊರೆತಿದೆ.